ಕೆರೆಬಿಳಚಿಯಿಂದ ಹೊರಟ ದಂಡಿನ ದಾರಿ

ತ್ಯಾವಣಿಗೆ ದಾಟಿದ ಮೇಲೆ ಬಸ್ಸಿನ ಎರಡೂ ಕಡೆ ಗದ್ದೆ, ಗದ್ದೆಯಾಚೆ ಅಡಿಕೆ ತೋಟ, ತೋಟದಾಚೆ ಮತ್ತೆ ಗದ್ದೆ. ಕಾರ್ತಿಕ ಕಳೆಯುತ್ತಿದ್ದ ದಿನಗಳು. ಕೆಲವು ಕಡೆ ಭತ್ತ ಕೊಯ್ದು ಮೆದೆ ಹಾಕಿದ್ದರು, ಕೆಲವು ಕಡೆ ತೆನೆ ಇನ್ನೂ ಬಾಗಿ ನಿಂತಿತ್ತು. ಊರು ಹತ್ತಿರವಾದಂತೆ ಅಡಿಕೆ ಬೇಯಿಸುವ ಹಂಡೆಗಳ ಒಗರು ವಾಸನೆ ಕಿಟಕಿಯಿಂದ ಒಳಗೆ ಬಂತು. ಕಂಡಕ್ಟರ್ "ಕೆರೆಬಿಳಚಿ ಇಳೀರಿ" ಅಂದ. ಹೆಸರಲ್ಲೇ ಕೆರೆ ಇಟ್ಟುಕೊಂಡ ಊರು. ಭದ್ರಾವತಿ ತಾಲ್ಲೂಕಿನಲ್ಲಿ ಅರೆಬಿಳಚಿ ಅಂತ ಇನ್ನೊಂದಿದೆ. ಈ ಬಿಳಚಿಯನ್ನು ಆ ಬಿಳಚಿಯಿಂದ ಬೇರೆ ಮಾಡುವುದು ಪಕ್ಕದಲ್ಲಿರುವ ಸೂಳೆಕೆರೆ.

ಕೆರೆ ನೋಡಿಕೊಂಡು ಸಂಜೆಗೆ ದಾವಣಗೆರೆಗೆ ಹಿಂದಿರುಗುವುದು ನನ್ನ ಲೆಕ್ಕ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು. ಪಾಳೆಯಗಾರರನ್ನು ಪ್ರತಿವರ್ಷ ಒಂದೇ ಪೀರಿಯಡ್ಡಿನಲ್ಲಿ ಮುಗಿಸುತ್ತಿದ್ದೆ. ಆ ಸಾಲ ಈ ಪ್ರವಾಸದಲ್ಲಿ ತೀರಿಸಬೇಕಾಗಿ ಬರುತ್ತದೆಂದು ಹೊರಡುವಾಗ ಗೊತ್ತಿರಲಿಲ್ಲ.

ಬಸ್‌ಸ್ಟ್ಯಾಂಡಿನ ಎದುರಿನ ಚಹದಂಗಡಿಯ ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತ ಹಿರಿಯರೊಬ್ಬರಿದ್ದರು. ಅಂಗಡಿಯ ಹುಡುಗ ಅವರನ್ನು "ಚಾಚಾ" ಅನ್ನುತ್ತಿದ್ದ, ಬಂದುಹೋಗುವವರೆಲ್ಲ "ಸುಬೇದಾರ್ ಸಾಬ್ರೆ" ಅನ್ನುತ್ತಿದ್ದರು. ಸೈನ್ಯದ ಸರಬರಾಜು ದಳವಾದ ಆರ್ಮಿ ಸರ್ವಿಸ್ ಕೋರಿನಲ್ಲಿ ದುಡಿದು ನಿವೃತ್ತರಾದವರು. ನನ್ನ ಊರು, ಕೆಲಸ ವಿಚಾರಿಸಿದರು. ಹೇಳಿದೆ.

"ಕೆರೆ ನೋಡಾಕೆ ಬಂದ್ರೇನ್ರಿ ಮೇಷ್ಟ್ರೆ? ಕೆರೆ ಎಲ್ಲಾರೂ ನೋಡ್ತಾರೆ. ಏರಿ ಮೇಲೆ ನಿಂತು ಫೋಟೋ ಹೊಡ್ಕಂಡು ಹೋಗ್ತಾರೆ. ಈ ಕೆರೆ ಯಾರ ದಂಡಿಗೆ ಅನ್ನ ಹಾಕ್ತಿತ್ತು, ಅದನ್ನ ಹೇಳ್ರಿ ನೀವು."

ನನ್ನ ಬಳಿ ಉತ್ತರ ಇರಲಿಲ್ಲ. ಯಾವ ರಾಜ ಎಲ್ಲಿ ಯಾರನ್ನು ಸೋಲಿಸಿದ ಎಂಬುದನ್ನು ಹೇಳಬಲ್ಲೆ. ಅವನ ಸಿಪಾಯಿ ಆ ದಿನ ಬೆಳಿಗ್ಗೆ ಏನು ಉಂಡಿದ್ದ, ಆ ಅಕ್ಕಿ ಯಾವ ಗದ್ದೆಯದು, ಅದನ್ನು ಎಷ್ಟು ವರ್ಷ ಮುಂಚೆ ಲೆಕ್ಕ ಹಾಕಿ ಕೂಡಿಟ್ಟಿದ್ದರು ಎಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಸುಬೇದಾರರು ತಮ್ಮ ಕೆಲಸದ ಮಾತು ತೆಗೆದರು. ಲಡಾಖ್‌ಗೆ ಹೋಗುವ ಜೋಜಿಲಾ ಕಣಿವೆ ಚಳಿಗಾಲದಲ್ಲಿ ಹಿಮ ಬಿದ್ದು ತಿಂಗಳುಗಟ್ಟಲೆ ಮುಚ್ಚುತ್ತಿತ್ತು. ಹಾಗಾಗಿ ಬೇಸಿಗೆಯಲ್ಲೇ ಲಾರಿಗಳ ಸಾಲು ಹೊರಡಬೇಕು: ಹಿಟ್ಟು, ಅಕ್ಕಿ, ಬೇಳೆ, ಸೀಮೆಎಣ್ಣೆ, ಡಬ್ಬದ ಹಾಲು, ಬೂಟು, ಔಷಧಿ, ಮದ್ದುಗುಂಡು. ಲಾರಿ ನಿಂತಲ್ಲಿಂದ ಹೇಸರಗತ್ತೆ, ಹೇಸರಗತ್ತೆ ನಿಂತಲ್ಲಿಂದ ಮನುಷ್ಯನ ಬೆನ್ನು. ಇದಕ್ಕೆ ಸೈನ್ಯದಲ್ಲಿ ವಿಂಟರ್ ಸ್ಟಾಕಿಂಗ್ ಅನ್ನುತ್ತಾರೆ. "ಕಣಿವೆ ಮುಚ್ಚಿದ ಮೇಲೆ ನೆನಪಾದ ಸಾಮಾನು ಇಲ್ಲದ ಸಾಮಾನೇ ರೀ. ಉಪ್ಪು ಮರೆತರೆ ಆರು ತಿಂಗಳು ಸಪ್ಪೆ. ಗುಂಡು ಹೊಡೆಯೋರು ಬೇರೆ, ನಾವು ಹಿಟ್ಟು ಹೊತ್ತೋರು. ಯುದ್ಧ ಗೆದ್ದಿದ್ದು ಹೋದ ವರ್ಷದ ಮೇ ತಿಂಗಳಲ್ಲೇ ಅಂತ ನಮ್ಮ ಕಡೆ ಮಾತು."

ಅವರೇ ನನ್ನನ್ನು ಕೆರೆಗೆ ಕರೆದುಕೊಂಡು ಹೋದರು. ಇದು ಏಷ್ಯಾದಲ್ಲೇ ಎರಡನೆಯ ದೊಡ್ಡ ಕೆರೆ ಎಂಬ ಮಾತು ಇಲ್ಲಿ ಎಲ್ಲರ ಬಾಯಲ್ಲಿದೆ. ಈಗಿನ ಸರ್ಕಾರಿ ಹೆಸರು ಶಾಂತಿಸಾಗರ. ಸುಮಾರು 6,500 ಎಕರೆಯಷ್ಟು ನೀರು, ಅದರ ಹಿಂದೆ ಮುನ್ನೂರಕ್ಕೂ ಹೆಚ್ಚು ಚದರ ಕಿಲೋಮೀಟರಿನ ಜಲಾನಯನ. ಇಷ್ಟನ್ನು ತಡೆದು ನಿಂತಿರುವ ಏರಿ ಮಾತ್ರ ಸುಮಾರು ಸಾವಿರ ಅಡಿ ಉದ್ದ. ಎರಡು ಗುಡ್ಡಗಳ ನಡುವಿನ ಕಿರಿದಾದ ಸಂದನ್ನು ಗುರುತಿಸಿ ಅಲ್ಲಿ ಮಣ್ಣು ಕಲ್ಲು ತುಂಬಿದ್ದಾರೆ. ಕಟ್ಟಿ ಎಂಟುನೂರು ವರ್ಷದ ಮೇಲಾಯಿತು. ಕೆರೆಯ ಎರಡು ನಾಲೆಗಳಿಗೆ ಸಿದ್ಧ, ಬಸವ ಎಂದು ಹೆಸರು. ಕೋಡಿ ಬಿದ್ದ ನೀರು ಹರಿದ್ರಾ ಹಳ್ಳವಾಗಿ ಹರಿಹರದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಚಿತ್ರದುರ್ಗಕ್ಕೂ ಕುಡಿಯುವ ನೀರು ಇಲ್ಲಿಂದ ಹೋಗುತ್ತದೆ. ರಾಜಕುಮಾರಿ ಶಾಂತವ್ವ ಕಟ್ಟಿಸಿದಳು, ಕೆರೆಗೆ ಜಾಗ ಬಿಟ್ಟುಕೊಟ್ಟ ಸೂಳೆಯರು ತಮ್ಮ ಹೆಸರಿಡಬೇಕೆಂದು ಕೇಳಿದರು ಎಂಬ ಕಥೆಯನ್ನು ಸುಬೇದಾರರು ನಡೆಯುತ್ತಲೇ ಹೇಳಿದರು. ತಮ್ಮ ಮನೆಯ ಜಾಗ ಕೊಟ್ಟ ಹೆಂಗಸರ ಹೆಸರನ್ನು ಊರಿನವರು ಇಂದಿಗೂ ಬಿಟ್ಟಿಲ್ಲ. ಅದು ನನಗೆ ಬಹಳ ಹಿಡಿಸಿತು.

ಏರಿಯ ಮೇಲೆ ನಿಂತು ಅಚ್ಚುಕಟ್ಟಿನ ಕಡೆ ತಿರುಗಿದರೆ ಕಣ್ಣಿಗೆ ಸಿಗುವಷ್ಟೂ ಹಸಿರು. ಸುಬೇದಾರರ ಪ್ರಶ್ನೆಗೆ ಅಲ್ಲಿ ಅರ್ಧ ಉತ್ತರ ಸಿಕ್ಕಿತು. ಈ ಹಸಿರಿಗೆ ಹತ್ತಿರದ ಕೋಟೆ ಬಸವಾಪಟ್ಟಣ. ಈ ಗದ್ದೆಗಳು ಯಾರ ಕೈಯಲ್ಲಿದ್ದವೋ ಅವರು ಎರಡು ಬೆಳೆಯ ಮೇಲೆ ಸೈನ್ಯ ಸಾಕಬಲ್ಲವರಾಗಿದ್ದರು. ಸುತ್ತಲಿನ ಖುಷ್ಕಿ ಸೀಮೆಯ ನಾಯಕರಿಗೆ ಆ ಭಾಗ್ಯ ಇರಲಿಲ್ಲ. ಸಂಜೆಯ ಬಸ್ಸು ಬಿಟ್ಟೆ. ಆ ರಾತ್ರಿ ಉಳಿದು ಮರುದಿನ ಬಸವಾಪಟ್ಟಣಕ್ಕೆ ಹೋದೆ. ಸುಬೇದಾರರು ತಮ್ಮ ಬೈಕ್ ತಂದರು.

ಬಸವಾಪಟ್ಟಣದ ಗುಡ್ಡದ ಮೇಲೆ ಕೋಟೆಯ ಗೋಡೆ ಅಲ್ಲಲ್ಲಿ ಉಳಿದಿದೆ. ಮುಳ್ಳುಪೊದೆ ಸರಿಸಿಕೊಂಡು ಹತ್ತಿದೆವು. ವಿಜಯನಗರದ ಕಾಲದಿಂದ ಇಲ್ಲೊಂದು ನಾಯಕರ ಮನೆತನ ಇತ್ತು. ಇವರೇ ಆಮೇಲೆ ಸಂತೇಬೆನ್ನೂರಿನವರಾದರು, ಕೊನೆಗೆ ತರೀಕೆರೆಯ ಪಾಳೆಯಗಾರರಾದರು. 1565ರಲ್ಲಿ ವಿಜಯನಗರ ಬಿದ್ದ ಮೇಲೆ ಇಂಥ ಮನೆತನಗಳೆಲ್ಲ ಒಂದೊಂದು ಸಣ್ಣ ದೇಶವಾದವು. ಇಕ್ಕೇರಿಯಲ್ಲಿ ಕೆಳದಿಯ ನಾಯಕರು, ಚಿತ್ರದುರ್ಗದಲ್ಲಿ ಇನ್ನೊಬ್ಬರು, ಶ್ರೀರಂಗಪಟ್ಟಣದಲ್ಲಿ ಒಡೆಯರು, ಬೆಂಗಳೂರಿನಲ್ಲಿ ಕೆಂಪೇಗೌಡನ ವಂಶದವರು. ತಲೆಯ ಮೇಲೆ ನೆರಳಾಗಿದ್ದ ದೊಡ್ಡ ರಾಜ್ಯ ಸರಿದಾಗ ಪ್ರತಿಯೊಬ್ಬನೂ ತನ್ನ ರಕ್ಷಣೆಯ ಚಿಂತೆಯನ್ನು ತಾನೇ ಮಾಡಬೇಕಾಯಿತು.

ಮುಂದೆ ಆದದ್ದನ್ನು ನೋಡಿ. 1636ರಲ್ಲಿ ಬಿಜಾಪುರದ ಮುಹಮ್ಮದ್ ಆದಿಲ್ ಶಾಹನಿಗೂ ಮೊಗಲ ಶಹಜಹಾನನಿಗೂ ಒಪ್ಪಂದವಾಯಿತು. ಸಹಿ ಬಿದ್ದದ್ದು ಬಹಳ ಉತ್ತರದಲ್ಲಿ. ಬಸವಾಪಟ್ಟಣದ ಹೆಸರು ಅದರಲ್ಲಿ ಇರಲು ಕಾರಣವೇ ಇಲ್ಲ. ಆದರೆ ಆ ಒಪ್ಪಂದದಿಂದ ಬಿಜಾಪುರಕ್ಕೆ ಉತ್ತರ ಗಡಿಯ ಭಯ ಹೋಯಿತು, ಬಿಡುವಾದ ದಂಡು ದಕ್ಷಿಣಕ್ಕೆ ತಿರುಗಿತು. ರಣದುಲ್ಲಾ ಖಾನ್ ಸೇನಾಪತಿ, ಅವನ ಜೊತೆ ಶಹಾಜಿ ಭೋಂಸ್ಲೆ. ಸಣ್ಣ ದೇಶದವರು ತಮ್ಮ ಗಡಿಯನ್ನು ಮಾತ್ರ ಕಾಯುತ್ತಿದ್ದರೆ ಸಾಲದು. ದೊಡ್ಡವರಿಬ್ಬರು ಎಲ್ಲೋ ದೂರದಲ್ಲಿ ರಾಜಿಯಾದ ಸುದ್ದಿಯನ್ನು ಯುದ್ಧದ ಸುದ್ದಿಯೆಂದೇ ಓದಬೇಕಿತ್ತು.

ಬಸವಾಪಟ್ಟಣದ ಕೆಂಗ ನಾಯಕ ಓದಿದ್ದು ಬೇರೆ ರೀತಿ. ಇಕ್ಕೇರಿಯ ವೀರಭದ್ರ ನಾಯಕನಿಗೂ ಅವನಿಗೂ ಹಗೆ. ಬರುತ್ತಿರುವ ದಂಡನ್ನು ಅವನು ನೆರೆಯವನ ಮೇಲೆ ಬಿಡುವ ಆಯುಧವೆಂದು ಬಗೆದು ತಾನೇ ಕರೆದ ಎಂದು ಬಿಜಾಪುರದ ಫಾರಸಿ ಚರಿತ್ರೆ ಹೇಳುತ್ತದೆ. 1637ರ ಡಿಸೆಂಬರಿನಲ್ಲಿ ಇಕ್ಕೇರಿ ಬಿತ್ತು. ವೀರಭದ್ರ ನಾಯಕ ಭಾರಿ ಹೊನ್ನು ತೆತ್ತು ಉಳಿದುಕೊಂಡ. ಕೆಂಗ ನಾಯಕನಿಗೆ ಹಗೆ ತೀರಿತು. ಆದರೆ ಕರೆದ ದಂಡಿಗೆ ದಾರಿ, ನೀರು, ಮೇವು, ಕೋಟೆಯ ದಿಡ್ಡಿ ಬಾಗಿಲು ಎಲ್ಲ ಗೊತ್ತಾಗಿತ್ತು. ಮೂರು ವರ್ಷ ತುಂಬುವುದರೊಳಗೆ ಅದೇ ದಂಡು ತಿರುಗಿ ಬಂದು ಬಸವಾಪಟ್ಟಣವನ್ನೇ ಹಿಡಿಯಿತು. ಆಮೇಲೆ ಈ ಗುಡ್ಡ ಬಿಜಾಪುರದವರ ಠಾಣೆಯಾಯಿತು.

"ಅಂದ್ರೆ ರೇಷನ್ನು ಇದ್ರೂ ಬಿತ್ತು" ಅಂದರು ಸುಬೇದಾರರು. ಕೋಟೆಯ ಗೋಡೆಗೆ ಒರಗಿ ಕೂತಿದ್ದರು. ಕೆಳಗೆ ಬಯಲಿನಲ್ಲಿ ಹಸಿರು ಕಾಣುತ್ತಿತ್ತು. ಹೌದು, ಅನ್ನದ ಚಿಂತೆ ಇಲ್ಲದ ಕೋಟೆ ಇದು. ಅನ್ನ ಇದ್ದವನಿಗೆ ನೆರೆಯವನ ಜೊತೆ ಬಾಳುವ ಯೋಚನೆ ಇರಲಿಲ್ಲ.

ಅಲ್ಲಿಂದ ಸಂತೇಬೆನ್ನೂರಿಗೆ ಹೋದೆವು. ಅಲ್ಲಿನ ಪುಷ್ಕರಿಣಿಯನ್ನು ಅನೇಕರು ನೋಡಿರುತ್ತೀರಿ: ನಡುನೀರಿನ ವಸಂತ ಮಂಟಪ, ಸುತ್ತ ಪಾವಟಿಗೆ, ದಂಡೆಯಲ್ಲಿ ಮುಸಾಫಿರಖಾನೆ. ಅದರ ಸೊಬಗಿನ ಬಗ್ಗೆ ಬರೆದವರು ಬಹಳ. ನಾನು ಅಲ್ಲಿ ಅರ್ಧ ಗಂಟೆ ಮಾತ್ರ ಇದ್ದೆ. ಒಂದೇ ಕಣ್ಣಳತೆಯಲ್ಲಿ ನಾಯಕರ ಕೊಳ, ಗೆದ್ದ ಬಿಜಾಪುರದವರ ಕಟ್ಟಡ ಎರಡೂ ನಿಂತಿವೆ. ಹೊಡಿಗೆರೆಗೆ ಹೋಗುವ ಆತುರ ನನಗಿತ್ತು.

ಹೊಡಿಗೆರೆ ಚನ್ನಗಿರಿ ತಾಲ್ಲೂಕಿನದೇ ಹಳ್ಳಿ. ಶಹಾಜಿಯ ಸಮಾಧಿ ಅಲ್ಲಿದೆ. ಶಿವಾಜಿಯ ತಂದೆ, ಬೆಂಗಳೂರನ್ನು ಜಹಗೀರಾಗಿ ಪಡೆದು ಆಳಿದವನು, 1664ರ ಜನವರಿ 23ರಂದು ಇಲ್ಲಿ ಬೇಟೆಗೆ ಹೋಗಿ ಕುದುರೆಯಿಂದ ಬಿದ್ದು ತೀರಿಕೊಂಡ. ಮಹಾರಾಷ್ಟ್ರದಿಂದ ಜನ ಬಂದು ಹೂ ಇಟ್ಟು ಹೋಗುತ್ತಾರೆ. ನಾವು ಹೋದಾಗ ಯಾರೂ ಇರಲಿಲ್ಲ. ಸಮಾಧಿಯ ಪಕ್ಕ ಕೂತು ಸುಬೇದಾರರಿಗೆ ಐವತ್ತು ವರ್ಷದ ಒಂದು ಕಥೆ ಹೇಳಿದೆ. ಇಕ್ಕೇರಿಯನ್ನು ಹೊಡೆದ ದಂಡಿನಲ್ಲಿ ಶಹಾಜಿ ಇದ್ದ. ಅದು 1637. ಔರಂಗಜೇಬನ ಸೈನ್ಯ ಮರಾಠರ ರಾಜಧಾನಿಯನ್ನು ಸುತ್ತುವರಿದಾಗ ಶಹಾಜಿಯ ಮೊಮ್ಮಗ, ಶಿವಾಜಿಯ ಮಗ ರಾಜಾರಾಮ ವೇಷ ಮರೆಸಿಕೊಂಡು ಜಿಂಜಿಯ ಕಡೆ ಓಡಿದ. ದಾರಿಯಲ್ಲಿ ಅವನಿಗೆ ಆಸರೆ ಕೊಟ್ಟವಳು ಅದೇ ಇಕ್ಕೇರಿ ಮನೆತನದ ರಾಣಿ ಕೆಳದಿ ಚೆನ್ನಮ್ಮ. ಅದು 1689. ತನ್ನ ಮನೆತನದ ಹಳೆಯ ರಾಜಧಾನಿಯನ್ನು ಹೊಡೆದ ದಂಡಿನಲ್ಲಿದ್ದವನ ಮೊಮ್ಮಗನಿಗೆ ಆಕೆ ಬಾಗಿಲು ತೆರೆದಳು. ಮೊಗಲರು ಸಿಟ್ಟಿನಿಂದ ದಂಡು ಕಳಿಸಿದರು. ಅವಳ ಸೈನ್ಯ ಎದುರು ನಿಂತಿತು, ಕೊನೆಗೆ ಒಪ್ಪಂದವಾಯಿತು, ರಾಜ್ಯ ಉಳಿಯಿತು. ಜಗತ್ತಿನ ಅತಿ ದೊಡ್ಡ ಸೈನ್ಯಗಳಲ್ಲೊಂದು ಬಾಗಿಲಿಗೆ ಬಂದಾಗ ಒಂದು ಸಣ್ಣ ರಾಜ್ಯ ಬಗ್ಗದೆ ನಿಲ್ಲಲು ಬಲ ಎಲ್ಲಿಂದ ಬಂತು? ಐವತ್ತು ವರ್ಷ ಹಿಂದೆ ಇದೇ ರಾಜ್ಯ ಒಂದೇ ಪೆಟ್ಟಿಗೆ ಬಿದ್ದಿತ್ತಲ್ಲ?

ಈ ಪ್ರವಾಸದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಪ್ರಶ್ನೆ.

ಇಕ್ಕೇರಿ ಬೀಳುವ ಹದಿನಾಲ್ಕು ವರ್ಷ ಮುಂಚೆ, 1623ರಲ್ಲಿ, ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದಿಂದ ಗೇರುಸೊಪ್ಪೆಯ ಮೂಲಕ ಘಟ್ಟ ಹತ್ತಿ ಇಕ್ಕೇರಿಗೆ ಬಂದಿದ್ದ. ಆಗ ವೆಂಕಟಪ್ಪ ನಾಯಕನ ಆಳ್ವಿಕೆ. ದಾರಿಯ ಒಂದು ದೇವಸ್ಥಾನದ ಜಗಲಿಯಲ್ಲಿ ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಲ್ಲಿ ಅಂಕೆ ಬರೆದು, ರಾಗವಾಗಿ ಹಾಡಿ ಮಗ್ಗಿ ಕಲಿಯುತ್ತಿದ್ದುದನ್ನು ಅವನು ತನ್ನ ಪತ್ರದಲ್ಲಿ ಬರೆದಿದ್ದಾನೆ. ಇದನ್ನು ನಾನು ಬಾಲ್ಯಶಿಕ್ಷಣದ ಚಂದದ ಚಿತ್ರ ಎಂದಷ್ಟೇ ತರಗತಿಯಲ್ಲಿ ಹೇಳುತ್ತಿದ್ದೆ. ಆ ಹುಡುಗರು ಬೆಳೆದು ಏನಾದರು ಎಂದು ಯೋಚಿಸಿರಲಿಲ್ಲ. ಮುಂದೆ ಇದೇ ಮನೆತನದ ಅರಸ ಶಿವಪ್ಪ ನಾಯಕ ಗದ್ದೆ ಅಳೆಸಲು ನಿಂತಾಗ ಅಂಥ ಮಗ್ಗಿ ಕಲಿತ ತಲೆಮಾರಿಗೆ ನಡುವಯಸ್ಸು. ಆ ಕೆಲಸಕ್ಕೆ ಲೆಕ್ಕ ಬಲ್ಲವರು ಊರೂರಿಗೆ ಬೇಕಿತ್ತು.

ಸೋತ ವೀರಭದ್ರ ನಾಯಕ ರಾಜಧಾನಿಯನ್ನು ಬಯಲಿಗೆ ಹತ್ತಿರದ ಇಕ್ಕೇರಿಯಿಂದ ಮಲೆನಾಡಿನ ಒಳಗೆ, ಬಿದನೂರಿಗೆ ತಂದ. ಸುತ್ತ ಬೆಟ್ಟ, ಕಾಡು, ಆರು ತಿಂಗಳು ಮಳೆ. ಬೆನ್ನಿಗೆ ಘಟ್ಟ ಇಳಿಯುವ ದಾರಿ, ಕೆಳಗೆ ಬಸ್ರೂರು, ಹೊನ್ನಾವರ, ಮಂಗಳೂರಿನ ಬಂದರುಗಳು. ಬಯಲುಸೀಮೆಯ ಕುದುರೆ ದಂಡಿಗೆ ಆ ಕಾಡಿನಲ್ಲಿ ಕುದುರೆ ಓಡಿಸಲು ಜಾಗವಿಲ್ಲ. ಕವಲೇದುರ್ಗ ಎರಡನೆಯ ಆಸರೆಯಾಯಿತು. ಇದು ಓಡಿಹೋದದ್ದಲ್ಲ. ಎದುರಾಳಿಗೆ ಯಾವುದು ಬಲವೋ ಅದು ಕೆಲಸ ಮಾಡದ ನೆಲವನ್ನು ಆರಿಸಿಕೊಂಡದ್ದು.

ಆಮೇಲೆ 1645ರಲ್ಲಿ ಪಟ್ಟಕ್ಕೆ ಬಂದ ಶಿವಪ್ಪ ನಾಯಕ ಮಾಡಿದ ಕೆಲಸ ಇನ್ನೂ ದೊಡ್ಡದು. ಅವನ 'ಶಿಸ್ತು' ಮಲೆನಾಡಿನಲ್ಲಿ ಮಾತೇ ಆಗಿಹೋಗಿದೆ. ಪ್ರತಿ ಊರಿನಲ್ಲಿ ಪ್ರತಿ ತರಗತಿಯ ಭೂಮಿಯನ್ನು ಆರಿಸಿ, ಬಿತ್ತಿದ ಬೀಜ ಎಷ್ಟು, ಬಂದ ಫಸಲು ಎಷ್ಟು, ಅದರ ಬೆಲೆ ಎಷ್ಟು, ಬೇಸಾಯದ ಖರ್ಚು ಎಷ್ಟು ಎಂದು ಹನ್ನೆರಡು ವರ್ಷ ಲೆಕ್ಕ ಬರೆಸಿದ ಎಂದು ಹಳೆಯ ಗೆಜೆಟಿಯರು ಹೇಳುತ್ತದೆ. ಹನ್ನೆರಡು ವರ್ಷದಲ್ಲಿ ಒಳ್ಳೆ ಮಳೆಯೂ ಬರುತ್ತದೆ, ಬರಗಾಲವೂ ಬರುತ್ತದೆ. ಸರಾಸರಿ ತೆಗೆದು ಅದರ ಮೇಲೆ ಕಂದಾಯ ನಿಗದಿ ಮಾಡಿದ. ರೈತನಿಗೆ ತಾನು ಕೊಡಬೇಕಾದದ್ದು ಮುಂಚೆಯೇ ಗೊತ್ತು, ಬೊಕ್ಕಸಕ್ಕೆ ತನಗೆ ಬರುವುದು ಗೊತ್ತು. ಬರುವುದು ಗೊತ್ತಾದಾಗ ಎಷ್ಟು ಸಿಪಾಯಿಗಳನ್ನು ಎಷ್ಟು ವರ್ಷ ಸಾಕಬಹುದು ಎಂಬುದೂ ಗೊತ್ತಾಗುತ್ತದೆ. ಗೊತ್ತಿಲ್ಲದ ರಾಜ ಯುದ್ಧದ ವರ್ಷ ರೈತನ ಕಣಕ್ಕೆ ನುಗ್ಗುತ್ತಾನೆ, ಆ ರೈತ ಮುಂದಿನ ವರ್ಷ ಊರು ಬಿಡುತ್ತಾನೆ, ಮೂರನೆಯ ವರ್ಷ ಸೈನ್ಯ ಹಸಿಯುತ್ತದೆ. ಶಿವಪ್ಪ ನಾಯಕ ಪೋರ್ಚುಗೀಸರಿಂದ ಕರಾವಳಿಯ ಕೋಟೆಗಳನ್ನು ಕಿತ್ತುಕೊಂಡದ್ದನ್ನು ಪುಸ್ತಕಗಳು ದೊಡ್ಡ ಅಕ್ಷರದಲ್ಲಿ ಬರೆಯುತ್ತವೆ. ನನ್ನ ಎಣಿಕೆಯಲ್ಲಿ ಆ ಗೆಲುವಿಗೂ ಹಿರಿಯದು ಈ ಹನ್ನೆರಡು ವರ್ಷದ ಕಡತ. ಚೆನ್ನಮ್ಮನ ಸೈನ್ಯ ಮೊಗಲರ ಎದುರು ನಿಂತದ್ದು ಈ ಕಡತದ ಮೇಲೆ.

ಸುಬೇದಾರರು ಕೇಳುತ್ತಾ ಕೇಳುತ್ತಾ ತಲೆಯಾಡಿಸಿದರು. "ನಮ್ಮ ಕಡೆ ಇದಕ್ಕೆ ಇಂಡೆಂಟ್ ಅಂತೀವ್ರಿ. ಅವ್ನು ಇಡೀ ದೇಶಕ್ಕೆ ಇಂಡೆಂಟ್ ಹಾಕಿದ ನೋಡ್ರಿ."

ಈ ಮನೆತನ ಯೋಚನೆಯನ್ನು ಬರವಣಿಗೆಯಲ್ಲೂ ಇಟ್ಟಿತು. ಚೆನ್ನಮ್ಮನ ದತ್ತುಮಗ ಬಸವಪ್ಪ ನಾಯಕ ಸಂಸ್ಕೃತದಲ್ಲಿ ಬರೆದ 'ಶಿವತತ್ತ್ವರತ್ನಾಕರ'ದಲ್ಲಿ ದೇವರು, ವೈದ್ಯ, ಅಡುಗೆ, ಸಂಗೀತಗಳ ಜೊತೆಗೆ ರಾಜನೀತಿ, ದುರ್ಗ, ಸೈನ್ಯದ ವಿಷಯವೂ ಇದೆ. ಅಡುಗೆಯೂ ದುರ್ಗವೂ ಒಂದೇ ಪುಸ್ತಕದಲ್ಲಿ ಬರುವುದು ನನಗೀಗ ಸರಿಯೆನಿಸುತ್ತದೆ.

ಬೇರೆ ನೆಲದಲ್ಲೂ ಇದೇ ದಾರಿ ಹಿಡಿದವರಿದ್ದಾರೆ. 1940ರ ಬೇಸಿಗೆಯಲ್ಲಿ ಫ್ರಾನ್ಸ್ ಬಿದ್ದು, ಸ್ವಿಟ್ಜರ್ಲೆಂಡಿನ ಬಹುತೇಕ ಎಲ್ಲ ಕಡೆ ಹಿಟ್ಲರ್ ಮತ್ತು ಮುಸೊಲಿನಿಯ ಸೈನ್ಯವೇ ಆಯಿತು. ಸೇನಾಪತಿ ಆನ್ರಿ ಗಿಸಾನ್ ಬಯಲಿನ ಗಡಿಯನ್ನು ಪೂರ್ತಿ ಕಾಯುವ ಆಸೆ ಬಿಟ್ಟು ಸೈನ್ಯದ ಮುಖ್ಯ ಭಾಗವನ್ನು ಆಲ್ಪ್ಸ್ ಬೆಟ್ಟಗಳ ಒಳಕೋಟೆಗೆ ಸರಿಸಲು ನಿರ್ಧರಿಸಿದ. ಕುದುರೆಯ ಬದಲು ಟ್ಯಾಂಕು ಎಂದುಕೊಂಡರೆ ಇಕ್ಕೇರಿ ಬಿಟ್ಟು ಬಿದನೂರಿಗೆ ಹೋದದ್ದೇ ಅದು. ಅದೇ ವರ್ಷ ಫ್ರೀಡ್ರಿಶ್ ವಾಲೆನ್ ಎಂಬ ಕೃಷಿತಜ್ಞ ದೇಶದ ಉಳುಮೆಯ ನೆಲವನ್ನು ಹೆಚ್ಚಿಸುವ ಯೋಜನೆ ಮುಂದಿಟ್ಟ. ನಗರದ ಉದ್ಯಾನಗಳಲ್ಲಿ, ಆಟದ ಮೈದಾನಗಳಲ್ಲಿ ಆಲೂಗಡ್ಡೆ ನೆಟ್ಟರು. ಉಳುಮೆಯ ನೆಲ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಆ ದೇಶದ ರಕ್ಷಣೆಯ ಯೋಜನೆ ಮಾಡಿದವರಲ್ಲಿ ಒಬ್ಬ ಸೇನಾಪತಿ, ಇನ್ನೊಬ್ಬ ಬೇಸಾಯ ಬಲ್ಲವನು. 1965ರಲ್ಲಿ ಸ್ವತಂತ್ರವಾದ ಸಿಂಗಾಪುರಕ್ಕೆ ಕುಡಿಯುವ ನೀರಿನ ದೊಡ್ಡ ಪಾಲು ಪಕ್ಕದ ಮಲೇಷ್ಯಾದಿಂದ ಬರಬೇಕಿತ್ತು. ಆ ಪುಟ್ಟ ದೇಶ 1967ರಲ್ಲಿ ಕಡ್ಡಾಯ ಸೈನಿಕ ಸೇವೆ ತಂದಿತು, ಆಮೇಲಿನ ದಶಕಗಳಲ್ಲಿ ಜಲಾಶಯ ಕಟ್ಟುತ್ತ, ಬಳಸಿದ ನೀರನ್ನು ಶುದ್ಧಮಾಡುತ್ತ ಬಂತು. ಅಲ್ಲಿಯವರು ಈ ಎರಡನ್ನೂ ದೇಶದ ರಕ್ಷಣೆಯೆಂದೇ ಎಣಿಸುತ್ತಾರೆ.

ಸಂಜೆಗೆ ಚನ್ನಗಿರಿ. ಊರಿನ ಹೆಸರೇ ಕೆಳದಿ ಚೆನ್ನಮ್ಮಾಜಿಯಿಂದ ಬಂದದ್ದು. ಗುಡ್ಡದ ಮೇಲೆ ಕೋಟೆ, ಕೋಟೆಯೊಳಗೆ ರಂಗಪ್ಪನ ಗುಡಿ. ಹತ್ತುವಾಗ ಸುಬೇದಾರರಿಗೆ ಮೊಣಕಾಲು ನೋವು, ನನಗೆ ಉಸಿರು. ಅಲ್ಲಲ್ಲಿ ಕೂತು, ನೀರು ಕುಡಿದು ಹತ್ತಿದೆವು.

ಈ ಊರಿನಲ್ಲಿ ಹುಟ್ಟಿದವನು ಧೋಂಡಿಯಾ ವಾಘ್. ಟಿಪ್ಪುವಿನ ಸೆರೆಯಲ್ಲಿದ್ದವನು 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಹೊರಬಂದ. ಅಂದು ಒಂದೇ ದಿನದಲ್ಲಿ ಒಂದು ದೊಡ್ಡ ಸೈನ್ಯಕ್ಕೆ ಒಡೆಯನಿಲ್ಲದಾಯಿತು. ಕುದುರೆ ಇದೆ, ಕತ್ತಿ ಇದೆ, ಸಂಬಳ ಇಲ್ಲ. ಅಂಥವರು ಗುಂಪುಗುಂಪಾಗಿ ಧೋಂಡಿಯಾನ ಹಿಂದೆ ಹೋದರು. ಅವನು ಇದೇ ಸೀಮೆಯನ್ನು ಹಿಡಿದ, ತನ್ನನ್ನು ಉಭಯಲೋಕಾಧೀಶ್ವರ ಎಂದು ಕರೆದುಕೊಂಡ. ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ 1800ರಲ್ಲಿ ತಿಂಗಳುಗಟ್ಟಲೆ ಅಟ್ಟಿಸಿಕೊಂಡು ಹೋಗಿ ಸೆಪ್ಟೆಂಬರ್ 10ರಂದು ಕೋನಗಲ್ಲಿನಲ್ಲಿ ಅವನನ್ನು ಮುಗಿಸಿದ. ಧೋಂಡಿಯಾನ ಧೈರ್ಯಕ್ಕೆ ಕೊರತೆ ಇರಲಿಲ್ಲ. ಅವನಿಗೆ ಊರಿರಲಿಲ್ಲ, ಕೆರೆಯಿರಲಿಲ್ಲ, ಕಣಜವಿರಲಿಲ್ಲ. ಮೈಸೂರಿನ ದಿವಾನ ಪೂರ್ಣಯ್ಯ ಇದನ್ನು ಅರ್ಥ ಮಾಡಿಕೊಂಡಿದ್ದರು ಎನಿಸುತ್ತದೆ. ಅವರು ಕಂದಾಚಾರದ ಸಾವಿರಾರು ಆಳುಗಳನ್ನು ಬಿಟ್ಟುಕಳಿಸದೆ ಇಟ್ಟುಕೊಂಡರು. ಊರಿನಲ್ಲಿ ಬೇಸಾಯ ಮಾಡಿಕೊಂಡಿದ್ದು, ಕರೆ ಬಂದಾಗ ಆಯುಧ ಹಿಡಿದು ಬರುವವರು ಅವರು. ಸೈನ್ಯ ಕಟ್ಟುವ ದಿನವೇ ಸೈನ್ಯ ಬಿಡಿಸುವ ದಿನದ ಚಿಂತೆಯನ್ನೂ ಮಾಡಿರಬೇಕು. "ಪಿಂಚಣಿ ಇಲ್ದಿದ್ರೆ ನಾನೂ ಯಾರ ಹಿಂದೆ ಹೋಗ್ತಿದ್ನೋ" ಎಂದು ಸುಬೇದಾರರು ಮೆಲ್ಲಗೆ ಹೇಳಿದರು. ಅವರು ನಗಲಿಲ್ಲ, ನಾನೂ ನಗಲಿಲ್ಲ.

ಮೇಲೆ ತಲುಪುವಷ್ಟರಲ್ಲಿ ಹೊತ್ತು ಇಳಿದಿತ್ತು. ಪಡುವಣದಲ್ಲಿ ಮಲೆನಾಡಿನ ಬೆಟ್ಟಗಳ ನೀಲಿ ಸಾಲು. ಆ ಕಡೆ ತೋರಿಸಿ ಸುಬೇದಾರರು ಕೇಳಿದರು: "ಅಷ್ಟೆಲ್ಲಾ ಲೆಕ್ಕ ಇಟ್ಟೋರು ಮತ್ತೆ ಹ್ಯಾಗೆ ಬಿದ್ರು?"

ಕೆಳದಿ ಬಿದ್ದದ್ದು ಹಸಿವಿನಿಂದಲ್ಲ, ದುರ್ಗ ದುರ್ಬಲವಾಗಿ ಅಲ್ಲ. ಮಕ್ಕಳಿಲ್ಲದೆ ಎರಡನೆಯ ಬಸವಪ್ಪ ನಾಯಕ ತೀರಿಕೊಂಡ. ರಾಣಿ ವೀರಮ್ಮಾಜಿಗೂ ದತ್ತು ಬಂದ ಹುಡುಗ ಚೆನ್ನಬಸವನಿಗೂ ಹೊಂದಲಿಲ್ಲ. ಹುಡುಗ ಸತ್ತನೆಂದು ಸುದ್ದಿಯಾಯಿತು. ತಾನೇ ಆ ಹುಡುಗ ಎಂದು ಹೇಳಿಕೊಂಡವನೊಬ್ಬ ಚಿತ್ರದುರ್ಗದಲ್ಲಿ ಹೈದರಾಲಿಯ ಎದುರು ನಿಂತ. ಮತ್ತೆ ಹಳೆಯ ಕಥೆಯೇ: ಮನೆಯ ಜಗಳಕ್ಕೆ ಹೊರಗಿನ ದಂಡನ್ನು ಕರೆತಂದದ್ದು. ಬಸವಾಪಟ್ಟಣದ ಕೆಂಗ ನಾಯಕ ಮಾಡಿದ್ದನ್ನೇ ಈಗ ಕೆಳದಿಯವನೆಂದು ಹೇಳಿಕೊಂಡವನು ಮಾಡಿದ. ಹೈದರ್ ಮುಂದೆ ಮುಂದೆ ಬಂದಂತೆ ರಾಣಿ ಕಾಣಿಕೆಯ ಮೊತ್ತ ಏರಿಸುತ್ತ ಹೋದಳು. ಅವನು ನಿಲ್ಲಲಿಲ್ಲ. ಸೆರೆಯಲ್ಲಿದ್ದ ಹಳೆಯ ಮಂತ್ರಿಯೊಬ್ಬ ಬಿದನೂರಿನ ಒಳಗೆ ಹೋಗುವ ಗುಟ್ಟಿನ ದಾರಿ ತೋರಿಸಿದ. ನೂರು ವರ್ಷ ಕಾದ ಕಾಡು ಆ ದಾರಿಯಲ್ಲಿ ಕಾಯಲಿಲ್ಲ. ಅಲ್ಲಿ ಸಿಕ್ಕ ಸಂಪತ್ತಿನ ಮೇಲೆ ತನ್ನ ಏಳಿಗೆ ನಿಂತಿದೆ ಎಂಬುದನ್ನು ಹೈದರ್ ಬಲ್ಲವನಾಗಿದ್ದ. ಊರಿಗೆ ತನ್ನ ಹೆಸರಿಟ್ಟು ಹೈದರನಗರ ಮಾಡಿದ. ಇಂದು ನಾವು ಅದನ್ನು ಬರೀ ನಗರ ಅನ್ನುತ್ತೇವೆ.

ಶಿವಪ್ಪ ನಾಯಕ ಭೂಮಿಗೆ ಹಾಕಿದ ಲೆಕ್ಕವನ್ನು ಪಟ್ಟಕ್ಕೆ ಮುಂದಿನವರು ಹಾಕಿಡಲಿಲ್ಲ. ಯಾರ ನಂತರ ಯಾರು, ಮನೆಯೊಳಗೆ ಮುನಿದವರನ್ನು ಹೇಗೆ ಹಿಡಿದಿಟ್ಟುಕೊಳ್ಳಬೇಕು ಎಂಬುದನ್ನು ಗೆಲುವಿನ ದಿನಗಳಲ್ಲೇ ತೀರ್ಮಾನಿಸಿ ಇಡಬೇಕಿತ್ತು. ಕಣಿವೆ ಮುಚ್ಚಿದ ಮೇಲೆ ನೆನಪಾಯಿತು.

ಕತ್ತಲಾಗುವ ಮುಂಚೆ ಇಳಿದೆವು. ಬಸ್‌ಸ್ಟ್ಯಾಂಡಿನಲ್ಲಿ ಸುಬೇದಾರರು ನನ್ನ ಕೈಗೆ ಒಂದು ಸಣ್ಣ ಚೀಲ ಕೊಟ್ಟರು. ಒಳಗೆ ಅವರ ಗದ್ದೆಯ ಅಕ್ಕಿ, ಕೆರೆ ನೀರಿನದು. "ಮಕ್ಕಳಿಗೆ ಪಾಠ ಮಾಡೋವಾಗ ಇದನ್ನೂ ಸೇರಿಸ್ರಿ ಮೇಷ್ಟ್ರೆ" ಅಂದರು. ಪಾಠ ಮಾಡುವ ಕಾಲ ನನಗೆ ಮುಗಿದಿದೆ, ಹಾಗಾಗಿ ಬರೆದಿದ್ದೇನೆ. ಈಗ ಪಾಠ ಮಾಡುತ್ತಿರುವವರು ಕೆಂಗ ನಾಯಕನ ಹೆಸರಿನ ಮುಂದೆ 1637, 1640 ಎಂದೂ, ಶಿವಪ್ಪ ನಾಯಕನ ಹೆಸರಿನ ಮುಂದೆ ಹನ್ನೆರಡು ವರ್ಷ ಎಂದೂ ಬೋರ್ಡಿನ ಮೇಲೆ ಬರೆಯಿರಿ. ಇಕ್ಕೇರಿ ಸೋತ ದಿನದಿಂದ ಬಿದನೂರು ಬಿದ್ದ 1763ರವರೆಗೆ ಕೆಳದಿಯವರು ಇನ್ನೂ ನೂರಿಪ್ಪತ್ತೈದು ವರ್ಷ ಆಳಿದರು.